ದೂರದ ಚಾರಣಕ್ಕೆ ಯಾವ ಶೂ, ಎಂಥ ಸಾಕ್ಸ್?

ಕುಕ್ಕೆಯಿಂದ ಕುಮಾರ ಪರ್ವತಕ್ಕೆ ಹೋಗಿಬಂದವರನ್ನು ಕೇಳಿ ನೋಡಿ. ಹತ್ತುವಾಗ ಸೋಲುವುದು ಉಸಿರು, ಇಳಿಯುವಾಗ ಸೋಲುವುದು ಪಾದ. 1,712 ಮೀಟರ್ ಎತ್ತರದ ತುದಿಯಿಂದ ಕುಕ್ಕೆಗೆ ಮರಳುವವರು ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಇಳಿಯಬೇಕು. ಒಂದೊಂದು ಹೆಜ್ಜೆಗೂ ಬೆರಳುಗಳು ಶೂ ಮೂತಿಗೆ ಗುದ್ದುತ್ತವೆ. ಊರು ಮುಟ್ಟುವಷ್ಟರಲ್ಲಿ ಹಿಮ್ಮಡಿಯಲ್ಲಿ ನೀರ್ಗುಳ್ಳೆ, ಹೆಬ್ಬೆರಳಿನ ಉಗುರು ಕಪ್ಪು, ಕಿರುಬೆರಳಿನ ಸಂದಿಯಲ್ಲಿ ಚರ್ಮ ಸುಲಿದಿರುತ್ತದೆ. ‘ಟ್ರೆಕ್ಕಿಂಗ್ ಎಂದರೆ ಇದೆಲ್ಲ ಇದ್ದದ್ದೇ’ ಎಂದು ಸಮಾಧಾನ ಮಾಡಿಕೊಳ್ಳುವವರೇ ಹೆಚ್ಚು. ಆದರೆ ಇವುಗಳಲ್ಲಿ ಬಹುಪಾಲು ತೊಂದರೆ ಶುರುವಾಗುವುದು ಬೆಟ್ಟದಲ್ಲಲ್ಲ, ಅಂಗಡಿಯಲ್ಲಿ. ಅಳತೆ ತಪ್ಪಿದ ಶೂ, ಹತ್ತಿಯ ಸಾಕ್ಸ್, ಹೊಸ ಜೋಡಿಯನ್ನು ನೇರ ಕಾಡಿಗೆ ಒಯ್ಯುವ ಅವಸರ: ಈ ಮೂರನ್ನು ಸರಿಪಡಿಸಿಕೊಂಡರೆ ಅರ್ಧ ಚಾರಣ ಗೆದ್ದಂತೆ.

ಬೆಟ್ಟಕ್ಕೆ ಭಾರದ ಬೂಟೇ ಬೇಕು ಎಂಬ ನಂಬಿಕೆ ಹಳೆಯದು. ಇಟಲಿಯ ಪರ್ವತಾರೋಹಿ ವಿಟಾಲೆ ಬ್ರಮಾನಿ 1935ರಲ್ಲಿ ಆಲ್ಪ್ಸ್ ಪರ್ವತದಲ್ಲಿ ಆರು ಮಂದಿ ಸಂಗಡಿಗರನ್ನು ಕಳೆದುಕೊಂಡ ಮೇಲೆ, ಕಲ್ಲು ಮಂಜುಗಳೆರಡರಲ್ಲೂ ಹಿಡಿತ ಕೊಡುವ ರಬ್ಬರ್ ಅಟ್ಟೆಗಾಗಿ ಕೆಲಸ ಮಾಡಿದರು. 1937ರಲ್ಲಿ ಬಂದ ಆ ಅಟ್ಟೆಯೇ ಇಂದಿನ ‘ವೈಬ್ರಮ್’. ಇನ್ನೊಂದು ಕಡೆ, 1955ರಲ್ಲಿ 67 ವರ್ಷದ ಎಮ್ಮಾ ಗೇಟ್‌ವುಡ್ ಅಮೆರಿಕದ ಅಪಲಾಚಿಯನ್ ಹಾದಿಯ ಸುಮಾರು 3,300 ಕಿ.ಮೀ. ದೂರವನ್ನು ಕ್ಯಾನ್ವಾಸ್ ಶೂಗಳಲ್ಲೇ ಒಬ್ಬರೇ ನಡೆದು ಮುಗಿಸಿದರು. ಬೆನ್ನಿಗಿದ್ದದ್ದು ತಾವೇ ಹೊಲಿದ ಒಂದು ಹಗುರ ಚೀಲ. ಹೊರೆ ಎಷ್ಟು, ನೆಲ ಎಂಥದ್ದು ಎಂಬುದರ ಮೇಲೆ ಪಾದರಕ್ಷೆ ಬದಲಾಗುತ್ತದೆ.

ಗುಳ್ಳೆ ಏಕೆ ಏಳುತ್ತದೆ?

ಶೂ ಚರ್ಮವನ್ನು ಉಜ್ಜುವುದರಿಂದ ಗುಳ್ಳೆ ಬರುತ್ತದೆ ಎಂದುಕೊಂಡಿದ್ದೇವೆ. ನಡೆಯುವುದು ಸ್ವಲ್ಪ ಬೇರೆ. ಬೆವರಿನಿಂದ ತೇವಗೊಂಡ ಚರ್ಮ ಸಾಕ್ಸ್‌ಗೆ ಅಂಟಿಕೊಳ್ಳುತ್ತದೆ. ಹೆಜ್ಜೆ ಇಟ್ಟಾಗ ಒಳಗಿನ ಮೂಳೆ ಹಿಂದೆ ಮುಂದೆ ಸರಿಯುತ್ತದೆ, ಮೇಲಿನ ಚರ್ಮ ಮಾತ್ರ ಅಂಟಿದಲ್ಲೇ ನಿಲ್ಲುತ್ತದೆ. ಈ ಎಳೆದಾಟ ಸಾವಿರಾರು ಸಲ ನಡೆದಾಗ ಚರ್ಮದ ಒಳಪದರಗಳು ಬಿಟ್ಟುಕೊಂಡು, ಆ ಜಾಗದಲ್ಲಿ ದ್ರವ ತುಂಬುತ್ತದೆ. ಒಣಗಿದ ಚರ್ಮಕ್ಕಿಂತ ತೇವದ ಚರ್ಮದಲ್ಲಿ ಈ ಎಳೆತ ಹೆಚ್ಚು. ಬಿಸಿ, ತೇವ, ಘರ್ಷಣೆ ಮೂರೂ ಸೇರಿದರೆ ಗುಳ್ಳೆ ಖಚಿತ. ಇವುಗಳಲ್ಲಿ ಒಂದನ್ನು ಕಡಿಮೆ ಮಾಡಿದರೂ ಪಾದ ಬಚಾವಾಗುತ್ತದೆ. ಘರ್ಷಣೆಯನ್ನು ತಡೆಯುವುದು ಅಳತೆಗೆ ಸರಿಯಾದ ಶೂ, ತೇವವನ್ನು ನಿಭಾಯಿಸುವುದು ಸಾಕ್ಸ್. ಹಾಗಾಗಿ ಇವೆರಡನ್ನೂ ಒಟ್ಟಿಗೇ ಆರಿಸಬೇಕು.

ಮೊದಲು ದಾರಿ, ಆಮೇಲೆ ಶೂ

ಅಂಗಡಿಗೆ ಹೋಗುವ ಮೊದಲು ಎರಡು ಪ್ರಶ್ನೆಗೆ ಉತ್ತರ ಇಟ್ಟುಕೊಳ್ಳಿ: ಎಲ್ಲಿ ನಡೆಯುತ್ತೀರಿ? ಯಾವ ಕಾಲದಲ್ಲಿ?

1. ಡಾಂಬರು ರಸ್ತೆಯ ಪಾದಯಾತ್ರೆ: ಶಿವರಾತ್ರಿಗೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆಯುವವರಿಗೆ ಟ್ರೆಕ್ಕಿಂಗ್ ಬೂಟು ಬೇಡ. ಗಟ್ಟಿ ನೆಲ, ಬಿಸಿ ರಸ್ತೆ, ದಿನವಿಡೀ ಒಂದೇ ಬಗೆಯ ಹೆಜ್ಜೆ. ಇದಕ್ಕೆ ಮೆತ್ತನೆಯ ಅಟ್ಟೆಯ, ಗಾಳಿಯಾಡುವ ರನ್ನಿಂಗ್ ಶೂ ಸೂಕ್ತ.

2. ಒಣಗಾಲದ ಬೆಟ್ಟ: ಸಾವನದುರ್ಗ, ಸ್ಕಂದಗಿರಿಯಂಥ ಬಂಡೆಯ ಹಾದಿ, ಚಳಿಗಾಲದ ಮುಳ್ಳಯ್ಯನಗಿರಿ, ತಡಿಯಂಡಮೋಳ್. ಹಿಡಿತ ಚೆನ್ನಾಗಿರುವ, ಹರಡಿನ ಕೆಳಗೇ ನಿಲ್ಲುವ ಟ್ರೇಲ್ ಶೂ ಸಾಕು.

3. ಮಳೆಗಾಲದ ಮಲೆನಾಡು: ಮುಳ್ಳೋಡಿಯಿಂದ ಕುದುರೆಮುಖದ ತುದಿಗೆ ಹೋಗಿಬರಲು ಸುಮಾರು 20 ಕಿ.ಮೀ. ನಡಿಗೆ. ದಾರಿಯುದ್ದಕ್ಕೂ ತೊರೆ, ಕೆಸರು, ಹಾವಸೆ ಹಿಡಿದ ಕಲ್ಲು, ಸಾಲದ್ದಕ್ಕೆ ಉಂಬಳ. ಇಲ್ಲಿ ಕಾಲು ಒದ್ದೆಯಾಗದಂತೆ ನೋಡಿಕೊಳ್ಳುತ್ತೇನೆ ಎನ್ನುವ ಆಸೆ ಬಿಡಿ. ನೀರು ಬೇಗ ಹರಿದುಹೋಗಿ, ಬೇಗ ಆರುವ ಜಾಳಿಗೆ ಬಟ್ಟೆಯ ಶೂ ತೆಗೆದುಕೊಳ್ಳಿ.

4. ಹಿಮಾಲಯ, ಭಾರದ ಚೀಲ: ಹಿಮದ ಹಾದಿ, ಬೆನ್ನಿಗೆ 12–15 ಕೆ.ಜಿ. ಹೊರೆ, ಹಲವು ದಿನಗಳ ನಡಿಗೆ. ಇಲ್ಲಿ ಮಾತ್ರ ಗಟ್ಟಿ ಅಟ್ಟೆಯ, ಹರಡು ಮುಚ್ಚುವ, ನೀರು ತಡೆಯುವ ಬೂಟಿಗೆ ಅರ್ಥವಿದೆ.

ತೂಕದ ಲೆಕ್ಕವನ್ನೂ ಮರೆಯಬೇಡಿ. ಬೆನ್ನಿನ ಚೀಲದಲ್ಲಿರುವ ಭಾರಕ್ಕಿಂತ ಪಾದದಲ್ಲಿರುವ ಅಷ್ಟೇ ಭಾರ ಸುಮಾರು ಐದು ಪಟ್ಟು ಹೆಚ್ಚು ಶಕ್ತಿ ಕೇಳುತ್ತದೆ. ಪ್ರತಿ ಹೆಜ್ಜೆಗೂ ಅದನ್ನು ಎತ್ತಿ, ಮುಂದಕ್ಕೆ ಬೀಸಿ, ನಿಲ್ಲಿಸಬೇಕಲ್ಲ! ಹರಡು ಮುಚ್ಚುವ ಬೂಟು ಹಾಕಿದರೆ ಕಾಲು ಉಳುಕುವುದೇ ಇಲ್ಲ ಎಂಬ ಭರವಸೆಯೂ ಬೇಡ. ಅದು ಮುಳ್ಳು, ಕಲ್ಲುಚೂರುಗಳಿಂದ ರಕ್ಷಣೆ ಕೊಡುತ್ತದೆ ನಿಜ. ಉಳುಕನ್ನು ತಡೆಯುವುದು ಹೆಚ್ಚಾಗಿ ಮೀನಖಂಡದ ಬಲ ಮತ್ತು ನೋಡಿ ಇಡುವ ಹೆಜ್ಜೆ.

ವಾಟರ್‌ಪ್ರೂಫ್ ಎಂಬ ಆಕರ್ಷಣೆ

ಗೋರ್‌ಟೆಕ್ಸ್‌ನಂಥ ಪೊರೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ನೀರಿನ ಹನಿ ಅದರೊಳಗೆ ತೂರಲಾರದು, ಬೆವರಿನ ಆವಿ ಮಾತ್ರ ಹೊರಗೆ ಹೋಗಬಲ್ಲದು. ಆದರೆ ಆವಿ ಹೊರಹೋಗಬೇಕಾದರೆ ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿರಬೇಕು. ಜುಲೈ ತಿಂಗಳ ಆಗುಂಬೆಯಲ್ಲಿ, ಗಾಳಿಯೇ ತೊಟ್ಟಿಕ್ಕುವಂತಿರುವಾಗ, ಒಳಗಿನ ಬೆವರು ಹೋಗುವುದೆಲ್ಲಿಗೆ? ಮೊಣಕಾಲುದ್ದದ ಹಳ್ಳ ದಾಟಿದರಂತೂ ನೀರು ಬಾಯಿಯಿಂದಲೇ ಒಳಗಿಳಿಯುತ್ತದೆ. ನೀರನ್ನು ಹೊರಗಿಡಲು ಮಾಡಿದ ಆ ಪೊರೆ ಒಳಬಂದ ನೀರನ್ನು ಬಿಂದಿಗೆಯಂತೆ ಹಿಡಿದಿಟ್ಟುಕೊಳ್ಳುತ್ತದೆ. ಜಾಳಿಗೆ ಶೂ ಒದ್ದೆಯಾಗುವುದು ಬೇಗ, ಆರುವುದೂ ಬೇಗ. ವಾಟರ್‌ಪ್ರೂಫ್ ಬೂಟು ಒಮ್ಮೆ ಒಳಗೆ ನೆನೆದರೆ ರಾತ್ರಿಯಿಡೀ ಇಟ್ಟರೂ ಆರದು. ಆದ್ದರಿಂದ ಅದು ಹಿಮಕ್ಕೆ, ಚಳಿಯ ಇಬ್ಬನಿಗೆ ಒಳ್ಳೆಯದು. ಮುಂಗಾರಿನ ಪಶ್ಚಿಮ ಘಟ್ಟಕ್ಕೆ ಅಲ್ಲ.

ಅಂಗಡಿಯಲ್ಲಿ ಏನು ನೋಡಬೇಕು?

1. ಸಂಜೆ ಹೋಗಿ. ದಿನವಿಡೀ ಓಡಾಡಿದ ಪಾದ ಊದಿರುತ್ತದೆ, ಚಾರಣದಲ್ಲೂ ಹಾಗೆಯೇ. ಬೆಳಗ್ಗೆ ಹಿತವೆನಿಸಿದ ಶೂ ಮಧ್ಯಾಹ್ನಕ್ಕೆ ಬಿಗಿಯಾಗುತ್ತದೆ.

2. ಚಾರಣದ ಸಾಕ್ಸ್ ಜೊತೆಗಿರಲಿ. ಅಂಗಡಿಯವರು ಕೊಡುವ ತೆಳು ಸಾಕ್ಸ್‌ನಲ್ಲಿ ಅಳತೆ ನೋಡಿದರೆ ಲೆಕ್ಕ ತಪ್ಪುತ್ತದೆ. ವೈದ್ಯರು ಹೇಳಿದ ಇನ್‌ಸೋಲ್ ಬಳಸುವವರು ಅದನ್ನೂ ಒಯ್ಯಿರಿ.

3. ಎರಡೂ ಪಾದ ಅಳೆಯಿರಿ. ಹೆಚ್ಚಿನವರಿಗೆ ಒಂದು ಪಾದ ಇನ್ನೊಂದಕ್ಕಿಂತ ತುಸು ದೊಡ್ಡದು. ದೊಡ್ಡದಕ್ಕೆ ತಕ್ಕಂತೆ ಶೂ ತೆಗೆದುಕೊಳ್ಳಿ. ಯುಕೆ, ಯುಎಸ್, ಯುರೋಪಿನ ನಂಬರುಗಳು ಬೇರೆ ಬೇರೆ. ಒಂದೇ ನಂಬರು ಎರಡು ಕಂಪನಿಗಳಲ್ಲಿ ಎರಡು ಅಳತೆಯಾಗಿರುವುದೂ ಉಂಟು. ಸೆಂಟಿಮೀಟರ್ ಅಳತೆ ನೆನಪಿಟ್ಟುಕೊಳ್ಳುವುದು ಸುಲಭದ ದಾರಿ.

4. ಇನ್‌ಸೋಲ್ ಹೊರತೆಗೆದು ಅದರ ಮೇಲೆ ನಿಲ್ಲಿ. ಹಿಮ್ಮಡಿಯನ್ನು ಹಿಂಬದಿಗೆ ಸರಿಯಾಗಿಟ್ಟಾಗ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ಪಾದದ ಅಂಚು ಪಕ್ಕಕ್ಕೆ ಚಾಚಿಕೊಂಡರೆ ಶೂ ಅಗಲ ಸಾಲದು ಎಂದೇ ಅರ್ಥ. ಹವಾಯಿ ಚಪ್ಪಲಿಯಲ್ಲೋ ಬರಿಗಾಲಲ್ಲೋ ಓಡಾಡಿ ಬೆಳೆದವರ ಪಾದ ಮುಂಭಾಗದಲ್ಲಿ ಅಗಲವಾಗಿರುವುದು ಸಾಮಾನ್ಯ. ಚೂಪು ಮೂತಿಯ ಮಾದರಿ ಎಷ್ಟೇ ಚೆನ್ನಾಗಿ ಕಂಡರೂ ಅಂಥವರಿಗೆ ಹೊಂದುವುದಿಲ್ಲ. ‘ಹಾಕುತ್ತಾ ಹಾಕುತ್ತಾ ಅಗಲವಾಗುತ್ತೆ’ ಎಂಬ ಅಂಗಡಿಯವರ ಮಾತಿಗೆ ಮರುಳಾಗಬೇಡಿ. ಇಂದಿನ ಸಿಂಥೆಟಿಕ್ ಶೂ ಚರ್ಮದ ಶೂನಷ್ಟು ಹಿಗ್ಗುವುದಿಲ್ಲ.

5. ಇಳಿಜಾರಿನ ಪರೀಕ್ಷೆ ಮಾಡಿ. ಲೇಸ್ ಬಿಗಿದು, ಅಂಗಡಿಯ ಇಳಿಜಾರು ಹಲಗೆ ಅಥವಾ ಮೆಟ್ಟಿಲ ಮೇಲಿಂದ ಜೋರಾಗಿ ಇಳಿಯಿರಿ. ನೆಲಕ್ಕೆ ಮೂತಿಯನ್ನು ಎರಡು ಮೂರು ಸಲ ಕುಟ್ಟಿ. ಬೆರಳು ಮುಂದೆ ತಾಗಿದರೆ ಆ ಶೂ ಬೇಡ. ಹಿಮ್ಮಡಿ ಏಳುತ್ತಿದ್ದರೆ ಲೇಸ್ ಕಟ್ಟುವ ರೀತಿ ಬದಲಿಸಿ ನೋಡಿ. ಆಗಲೂ ಎದ್ದರೆ ಅದೂ ಬೇಡ.

6. ಅಟ್ಟೆಯನ್ನು ಮಡಚಿ, ಉಗುರಿನಿಂದ ಒತ್ತಿ ನೋಡಿ. ಶೂ ಬೆರಳುಗಳ ಬುಡದಲ್ಲಿ ಬಾಗಬೇಕು, ನಡುವಿನಲ್ಲಿ ಅಲ್ಲ. ಅಟ್ಟೆಯ ಹಲ್ಲುಗಳು 4–5 ಮಿ.ಮೀ. ಆಳವಿದ್ದು, ನಡುವೆ ಕೆಸರು ಉದುರುವಷ್ಟು ಜಾಗ ಇದ್ದರೆ ಮಲೆನಾಡಿಗೆ ಅನುಕೂಲ. ತೀರಾ ಗಟ್ಟಿ ರಬ್ಬರ್ ಹೆಚ್ಚು ಬಾಳುತ್ತದೆ, ಆದರೆ ಒದ್ದೆ ಬಂಡೆಯ ಮೇಲೆ ಜಾರುತ್ತದೆ. ಮೆತ್ತನೆಯ ರಬ್ಬರ್ ಬಂಡೆಗೆ ಕಚ್ಚಿಕೊಳ್ಳುತ್ತದೆ, ಬೇಗ ಸವೆಯುತ್ತದೆ. ಬಂಡೆಯ ಹಾದಿ ಹೆಚ್ಚಿದ್ದರೆ ಮೆತ್ತನೆಯದೇ ಇರಲಿ. ಇನ್ನು ಹಾವಸೆ ಕಟ್ಟಿದ ಕಲ್ಲಿನ ಮೇಲೆ ಯಾವ ಕಂಪನಿಯ ಅಟ್ಟೆಯೂ ನಿಲ್ಲದು. ಅಲ್ಲಿ ಕಾಲಿಡದಿರುವುದೇ ಉಪಾಯ.

ಸಾಕ್ಸ್: ಯಾವುದು ಬೇಕು, ಯಾವುದು ಬೇಡ

ಹತ್ತಿ ನಮ್ಮ ಸೆಕೆಗೆ ಒಳ್ಳೆಯ ಬಟ್ಟೆ. ಅಂಗಿಗೆ, ಪಂಚೆಗೆ ಸರಿ, ದೂರದ ನಡಿಗೆಯ ಸಾಕ್ಸ್‌ಗೆ ಅಲ್ಲ. ಅದು ಬೆವರನ್ನು ಹೀರಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ, ಒದ್ದೆಯಾದಾಗ ಮುದುಡಿ ಸುಕ್ಕುಗಟ್ಟುತ್ತದೆ. ಆ ಸುಕ್ಕಿನ ಗೆರೆಯಲ್ಲೇ ಗುಳ್ಳೆ ಏಳುವುದು.

ಬದಲಿಗೆ ಎರಡು ಆಯ್ಕೆಗಳಿವೆ. ಒಂದು ಮೆರಿನೋ ಉಣ್ಣೆ. ಉಣ್ಣೆ ಎಂದೊಡನೆ ಚುಚ್ಚುವ ಸ್ವೆಟರ್ ನೆನಪಾಗಬೇಕಿಲ್ಲ. ಮೆರಿನೋ ಎಳೆ ನವಿರು. ತನ್ನ ತೂಕದ ಸುಮಾರು ಮೂರನೇ ಒಂದರಷ್ಟು ತೇವವನ್ನು ಹೀರಿಕೊಂಡರೂ ಚರ್ಮಕ್ಕೆ ಒದ್ದೆ ಎನಿಸುವುದಿಲ್ಲ, ಚಳಿಯಲ್ಲಿ ಬೆಚ್ಚಗಿಡುತ್ತದೆ, ಬೇಗ ವಾಸನೆ ಹಿಡಿಯುವುದಿಲ್ಲ. ಬೆಲೆ ಜಾಸ್ತಿ, ಆರುವುದು ಸ್ವಲ್ಪ ನಿಧಾನ. ಎರಡನೆಯದು ನೈಲಾನ್, ಪಾಲಿಯೆಸ್ಟರ್ ಮಿಶ್ರಣ. ಅಗ್ಗ, ಗಟ್ಟಿಮುಟ್ಟು, ಹಿಂಡಿ ಹರವಿದರೆ ಬೇಗ ಆರುತ್ತದೆ, ಆದರೆ ಎರಡನೇ ದಿನಕ್ಕೆ ಮೂಗು ಮುಚ್ಚಿಕೊಳ್ಳಬೇಕು. ಉಣ್ಣೆಗೆ ಬಲ ಕೊಡಲು ನೈಲಾನ್ ಬೆರೆಸಿದ ಸಾಕ್ಸ್‌ಗಳು ಹೆಚ್ಚು ಬಾಳುತ್ತವೆ. ನಮ್ಮ ಘಟ್ಟಗಳಿಗೆ ತೆಳು ಅಥವಾ ಮಧ್ಯಮ ದಪ್ಪದ್ದು ಸಾಕು. ದಪ್ಪ ಸಾಕ್ಸ್ ಹಿಮಕ್ಕೆ ಇರಲಿ.

ಕೊಳ್ಳುವಾಗ ಗಮನಿಸಬೇಕಾದ್ದು:

1. ಶೂ ಬಾಯಿಗಿಂತ ಸಾಕ್ಸ್ ಎತ್ತರವಿರಲಿ. ಕುಳ್ಳ ಸಾಕ್ಸ್ ಹಿಮ್ಮಡಿಯ ಕೆಳಗೆ ಜಾರಿ ಅಲ್ಲೇ ಗಂಟಾಗುತ್ತದೆ.
2. ಒಳಗೆ ಕೈ ಹಾಕಿ ಬೆರಳ ತುದಿಯ ಹೊಲಿಗೆ ಮುಟ್ಟಿ ನೋಡಿ. ಉಬ್ಬಿದ ಹೊಲಿಗೆ ಬೇಡ, ಚಪ್ಪಟೆಯಾಗಿರಲಿ.
3. ಸಾಕ್ಸ್‌ನ ಹಿಮ್ಮಡಿ ಭಾಗ ನಿಮ್ಮ ಹಿಮ್ಮಡಿಗೇ ಕೂರಬೇಕು. ಎಲ್ಲರಿಗೂ ಒಂದೇ ಅಳತೆ ಎನ್ನುವ ಸಾಕ್ಸ್ ಯಾರಿಗೂ ಸರಿಯಾಗಿ ಕೂರುವುದಿಲ್ಲ.
4. ಬೆರಳ ಸಂದಿಯಲ್ಲಿ ಗುಳ್ಳೆ ಏಳುವವರಿಗೆ ಐದು ಬೆರಳಿನ ಸಾಕ್ಸ್ ಅನುಕೂಲ.
5. ಹಿಮ್ಮಡಿಯಲ್ಲಿ ಪದೇ ಪದೇ ಗುಳ್ಳೆಯಾಗುವವರು ತೆಳು ಸಿಂಥೆಟಿಕ್ ಸಾಕ್ಸ್ ಮೇಲೆ ಇನ್ನೊಂದು ಸಾಕ್ಸ್ ಹಾಕಿ ನೋಡಿ. ಎಳೆದಾಟ ಚರ್ಮದ ಬದಲು ಆ ಎರಡು ಪದರಗಳ ನಡುವೆ ಆಗುತ್ತದೆ. ಶೂನಲ್ಲಿ ಅಷ್ಟು ಜಾಗ ಇದ್ದರೆ ಮಾತ್ರ.

ಎರಡು ದಿನದ ಚಾರಣಕ್ಕೆ ಮೂರು ಜೊತೆ ಒಯ್ಯಿರಿ. ಎರಡು ನಡೆಯಲು, ಒಂದು ಮಲಗಲು. ಮಲಗುವ ಜೊತೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಏನೇ ಆದರೂ ಅದನ್ನು ನಡಿಗೆಗೆ ಬಳಸಬಾರದು. ದಿನವಿಡೀ ನೆನೆದ ಪಾದಕ್ಕೆ ರಾತ್ರಿ ಒಣಗಲು ಸಿಗುವ ಕೆಲವು ಗಂಟೆಗಳೇ ಮರುದಿನದ ನಡಿಗೆಗೆ ಆಧಾರ. ಮನೆಯಲ್ಲಿ ಒಗೆಯುವಾಗ ಒಳಮಗ್ಗುಲು ಹೊರಗೆ ಮಾಡಿ ತಣ್ಣೀರಿನಲ್ಲಿ ಒಗೆಯಿರಿ. ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಿದರೆ ಬೆವರು ಹೀರುವ ಗುಣ ಕುಂದುತ್ತದೆ.

ಉಂಬಳದ ಕಾಟಕ್ಕೆ

ಸಾಮಾನ್ಯ ಸಾಕ್ಸ್‌ನ ಹೆಣಿಗೆಯ ಕಣ್ಣುಗಳಲ್ಲಿ ಉಂಬಳ ನೂಲಿನಷ್ಟು ತೆಳ್ಳಗಾಗಿ ತೂರುತ್ತದೆ. ಅದಕ್ಕೇ ಒತ್ತಾಗಿ ನೇಯ್ದ ಬಟ್ಟೆಯ, ಮೊಣಕಾಲವರೆಗೆ ಬರುವ ಲೀಚ್ ಸಾಕ್ಸ್ ಬಳಸುವುದು. ಮಾಮೂಲಿ ಸಾಕ್ಸ್ ಮೇಲೆ ಅದನ್ನು ಹಾಕಿ, ಪ್ಯಾಂಟಿನ ತುದಿಯನ್ನು ಅದರೊಳಗೆ ತೂರಿಸಿ, ಮೇಲೆ ದಾರ ಬಿಗಿದು, ಆಮೇಲೆ ಶೂ ಹಾಕಿ. ಹಾಕಿದ ಮೇಲೆ ಉಂಬಳ ಬಟ್ಟೆಯ ಮೇಲೇ ಹತ್ತುತ್ತಾ ಹೋಗುವುದರಿಂದ ಕಣ್ಣಿಗೆ ಬೀಳುತ್ತದೆ, ಕೊಡವಬಹುದು. ಸುಣ್ಣ, ಹೊಗೆಸೊಪ್ಪಿನ ನೀರು ಬಳಿಯುವ ರೂಢಿ ಮಲೆನಾಡಿನಲ್ಲಿದೆ. ಜಡಿಮಳೆಯಲ್ಲಿ ಅದು ಬೇಗ ತೊಳೆದುಹೋಗುತ್ತದೆ, ಮತ್ತೆ ಬಳಿಯಬೇಕು.

ಕಚ್ಚಿದರೆ ಗಾಬರಿಯಾಗಿ ಎಳೆಯಬೇಡಿ. ತೆಳ್ಳಗಿರುವ ತುದಿಯೇ ಅದರ ಬಾಯಿ. ಅಲ್ಲಿ ಚರ್ಮಕ್ಕೆ ಉಗುರನ್ನು ಒತ್ತಿ ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ. ಆಮೇಲೆ ಇನ್ನೊಂದು ತುದಿ ಬಿಡಿಸಿ. ಉಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಹಿರುಡಿನ್‌ನಂಥ ವಸ್ತು ಇರುವುದರಿಂದ ಸ್ವಲ್ಪ ಹೊತ್ತು ರಕ್ತ ಸೋರುತ್ತದೆ. ತೊಳೆದು, ಒತ್ತಿ ಹಿಡಿದು, ಪಟ್ಟಿ ಹಾಕಿ.

ಹೊರಡುವ ಮುನ್ನ, ದಾರಿಯಲ್ಲಿ

1. ಶೂ ಪಳಗಿಸಿ. ಹೊಸ ಟ್ರೇಲ್ ಶೂನಲ್ಲಿ ಒಂದು ವಾರ ದಿನವೂ ನಡೆದು, ಒಮ್ಮೆಯಾದರೂ ಚೀಲ ಹೊತ್ತು 8–10 ಕಿ.ಮೀ. ಹೋಗಿಬನ್ನಿ. ಚರ್ಮದ ಬೂಟಿಗೆ ಇನ್ನೂ ಹೆಚ್ಚು ದಿನ ಬೇಕು.

2. ಉಗುರು ಕತ್ತರಿಸಿ. ಎರಡು ಮೂರು ದಿನ ಮೊದಲೇ, ನೇರವಾಗಿ. ಮೂಲೆಗಳನ್ನು ಆಳಕ್ಕೆ ಕೊರೆಯಬೇಡಿ.

3. ಇಳಿಯುವ ಮೊದಲು ಲೇಸ್ ಮರುಕಟ್ಟಿ. ತುದಿಯಲ್ಲಿ ಫೋಟೊ ತೆಗೆಸಿಕೊಂಡ ಮೇಲೆ ಕುಳಿತು ಮಾಡಬೇಕಾದ ಮೊದಲ ಕೆಲಸ ಇದು. ಲೇಸ್ ಸಡಿಲಿಸಿ, ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ. ಬೆರಳುಗಳ ಮೇಲೆ ಲೇಸ್ ಸಡಿಲವೇ ಇರಲಿ. ಪಾದ ಹರಡಿಗೆ ಬಾಗುವ ಜಾಗದಲ್ಲಿ ಎರಡು ಎಳೆಗಳನ್ನು ಒಂದರ ಸುತ್ತ ಒಂದು ಎರಡು ಸುತ್ತು ಹೆಣೆದು ಬಿಗಿಯಾಗಿ ಎಳೆಯಿರಿ. ಈ ಜೋಡಿ ಸುತ್ತು ಸಡಿಲವಾಗದೆ ನಿಲ್ಲುತ್ತದೆ. ನಂತರ ಮೇಲಿನ ಕಣ್ಣುಗಳಲ್ಲಿ ಮಾಮೂಲಿಯಂತೆ ಕಟ್ಟಿ. ಪಾದ ಹಿಂದೆಯೇ ಉಳಿಯುತ್ತದೆ, ಉಗುರು ಉಳಿದುಕೊಳ್ಳುತ್ತದೆ.

4. ಉರಿ ಶುರುವಾದೊಡನೆ ನಿಲ್ಲಿ. ಗುಳ್ಳೆಗೆ ಮೊದಲು ಆ ಜಾಗ ಬಿಸಿಯಾಗಿ ಉರಿಯುತ್ತದೆ. ‘ಮುಂದಿನ ತಿರುವಿನಲ್ಲಿ ನೋಡೋಣ’ ಎನ್ನಬೇಡಿ. ಶೂ ಬಿಚ್ಚಿ, ಮರಳು ಕೊಡವಿ, ಪಾದ ಒರೆಸಿ, ಆ ಜಾಗಕ್ಕೆ ಮೆಡಿಕಲ್ ಟೇಪ್ ಅನ್ನು ಸುಕ್ಕಿಲ್ಲದಂತೆ ಅಂಟಿಸಿ.

5. ಪ್ರತಿ ವಿಶ್ರಾಂತಿಯಲ್ಲೂ ಪಾದಕ್ಕೆ ಗಾಳಿ ತೋರಿಸಿ. ಒದ್ದೆ ಸಾಕ್ಸ್ ಹಿಂಡಿ, ಇನ್ನೊಂದು ಜೊತೆ ಹಾಕಿ, ಮೊದಲನೆಯದನ್ನು ಚೀಲದ ಹೊರಗೆ ಸಿಕ್ಕಿಸಿ.

6. ಗುಳ್ಳೆ ಎದ್ದೇ ಬಿಟ್ಟರೆ, ಚಿಕ್ಕದನ್ನು ಒಡೆಯದೆ ಮುಚ್ಚಿ. ನಡೆಯಲಾಗದಷ್ಟು ದೊಡ್ಡದಾದರೆ ಮಾತ್ರ, ಕೈ ತೊಳೆದು, ಕ್ರಿಮಿರಹಿತ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ದ್ರವ ಹೊರಬಿಡಿ. ಮೇಲಿನ ಚರ್ಮ ಕೀಳಬೇಡಿ, ಒಳಗಿನ ಹಸಿ ಗಾಯಕ್ಕೆ ಅದೇ ರಕ್ಷಣೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

* ಅಟ್ಟದ ಮೇಲಿನ ಹಳೆಯ ಬೂಟು: ವರ್ಷಗಟ್ಟಲೆ ಹಾಕದೆ ಇಟ್ಟ ಬೂಟು ಹೊಸದರಂತೆಯೇ ಕಾಣುತ್ತದೆ. ಆದರೆ ಪಾಲಿಯುರೆಥೇನ್‌ನಿಂದ ಮಾಡಿದ ನಡು ಅಟ್ಟೆ ಗಾಳಿಯ ತೇವದಿಂದಲೇ ಒಳಗೊಳಗೆ ಶಿಥಿಲವಾಗುತ್ತದೆ. ಕರಾವಳಿ, ಮಲೆನಾಡಿನ ಹವೆಯಲ್ಲಿ ಇನ್ನೂ ಬೇಗ. ಕಾಡಿನ ನಡುವೆ ಅಟ್ಟೆ ಪೂರ್ತಿ ಕಳಚಿಕೊಳ್ಳುವುದು ಹೀಗೆ. ಹೊರಡುವ ಮೊದಲು ಬಗ್ಗಿಸಿ, ಒತ್ತಿ, ಮೆಟ್ಟಿಲು ಹತ್ತಿಳಿದು ನೋಡಿ.
* ಬೆಂಕಿಯ ಹತ್ತಿರ ಒಣಗಿಸುವುದು: ಒಲೆಯ ಕಾವಿಗೆ ಅಂಟು ಬಿಡುತ್ತದೆ, ಚರ್ಮ ಬಿರಿಯುತ್ತದೆ. ಇನ್‌ಸೋಲ್ ತೆಗೆದು, ಒಳಗೆ ಹಳೆಯ ಪೇಪರ್ ತುರುಕಿ, ಒದ್ದೆಯಾದಂತೆ ಬದಲಿಸುತ್ತಾ ಗಾಳಿಯಾಡುವಲ್ಲಿ ಇಡಿ.
* ಚಳಿಗೆ ಎರಡು ದಪ್ಪ ಸಾಕ್ಸ್: ಶೂ ಬಿಗಿಯಾಗಿ ರಕ್ತಸಂಚಾರ ಕುಗ್ಗಿದರೆ ಪಾದ ಇನ್ನಷ್ಟು ತಣ್ಣಗಾಗುತ್ತದೆ. ಹಿಮಾಲಯಕ್ಕೆ ಹೊರಟವರು ಶೂ ಕೊಳ್ಳುವಾಗಲೇ ಒಂದು ದಪ್ಪ ಸಾಕ್ಸ್‌ಗೆ ಜಾಗ ಬಿಟ್ಟುಕೊಳ್ಳಿ.
* ಸವೆದ ಶೂ ಬಿಡದಿರುವುದು: ಟ್ರೇಲ್ ಶೂನ ಆಯಸ್ಸು ಸುಮಾರು 500–800 ಕಿ.ಮೀ. ಮೇಲೆ ಚೆನ್ನಾಗಿದ್ದರೂ ಹಲ್ಲು ಸವೆದಿದ್ದರೆ ಅದು ಇನ್ನು ಪೇಟೆಗೆ ಮಾತ್ರ.
* ಗೈಡ್‌ ನೋಡಿ ಚಪ್ಪಲಿ ಹಾಕುವುದು: ಅವರು ಅದೇ ದಾರಿಯಲ್ಲಿ ಬೆಳೆದವರು, ಪಾದಕ್ಕೆ ಆ ಅಭ್ಯಾಸ ಇದೆ. ವಾರವಿಡೀ ಕುರ್ಚಿಯಲ್ಲಿ ಕೂರುವ ನಮಗಿಲ್ಲ. ಚಪ್ಪಲಿ ಅಥವಾ ಸ್ಯಾಂಡಲ್ ಅನ್ನು ತಂಗುವ ಜಾಗಕ್ಕೆಂದು ಚೀಲದಲ್ಲಿಡಿ.

ಎಚ್ಚರಿಕೆ

ಮಧುಮೇಹ ಇರುವವರಿಗೆ ಪಾದದ ಸ್ಪರ್ಶಜ್ಞಾನ ಕುಂದಿರಬಹುದು. ಉರಿಯಾಗಲಿ ಗುಳ್ಳೆಯಾಗಲಿ ಗೊತ್ತೇ ಆಗದೆ ಗಾಯ ಬೆಳೆಯುತ್ತದೆ. ದೂರದ ನಡಿಗೆಗೆ ಮೊದಲು ವೈದ್ಯರಿಗೆ ಪಾದ ತೋರಿಸಿ. ನಡೆಯುವ ದಿನ ಪ್ರತಿ ವಿಶ್ರಾಂತಿಯಲ್ಲೂ ಪಾದವನ್ನು ಕಣ್ಣಿನಿಂದಲೇ ಪರೀಕ್ಷಿಸಿ, ಗುಳ್ಳೆಯನ್ನು ನೀವೇ ಚುಚ್ಚಬೇಡಿ. ಯಾರಿಗೇ ಆಗಲಿ, ಗಾಯದ ಸುತ್ತ ಕೆಂಪು ಹರಡುತ್ತಾ ಹೋದರೆ, ಕೀವು ಅಥವಾ ಜ್ವರ ಕಾಣಿಸಿಕೊಂಡರೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಕೊನೆಗೆ, ಹಣ ಎಲ್ಲಿ ಹಾಕಬೇಕು?

ಮೊದಲ ಆದ್ಯತೆ ಅಳತೆಗೆ, ಎರಡನೆಯದು ಸಾಕ್ಸ್‌ಗೆ, ಮೂರನೆಯದು ಅಟ್ಟೆಯ ಹಿಡಿತಕ್ಕೆ. ಬ್ರ್ಯಾಂಡ್, ಬಣ್ಣ, ವಾಟರ್‌ಪ್ರೂಫ್ ಚೀಟಿ ಇವೆಲ್ಲ ಆಮೇಲಿನವು. ಕೈಯಲ್ಲಿ 6,000 ರೂಪಾಯಿ ಇದ್ದರೆ ಅಷ್ಟನ್ನೂ ಶೂಗೆ ಸುರಿಯಬೇಡಿ. 5,000ದೊಳಗೆ ಪಾದಕ್ಕೆ ಹೊಂದುವ ಜೋಡಿ ಹುಡುಕಿ, ಉಳಿದ ಹಣದಲ್ಲಿ ಒಳ್ಳೆಯ ಸಾಕ್ಸ್ ಮತ್ತು ಒಂದು ಸುರುಳಿ ಟೇಪ್ ಕೊಳ್ಳಿ. ಮುಂದಿನ ಚಾರಣಕ್ಕೆ ಇನ್ನೂ ಒಂದು ತಿಂಗಳಿದೆಯೇ? ಹಾಗಾದರೆ ಈ ವಾರವೇ ಒಂದು ಸಂಜೆ ಬಿಡುವು ಮಾಡಿಕೊಂಡು ಅಂಗಡಿಗೆ ಹೋಗಿಬನ್ನಿ. ಹೊರಡುವ ಹಿಂದಿನ ದಿನ ಕೊಂಡ ಶೂ, ಅದೆಷ್ಟೇ ದುಬಾರಿಯದಾದರೂ, ಬೆಟ್ಟಕ್ಕೆ ಸಿದ್ಧವಾಗಿರುವುದಿಲ್ಲ.